ಬೆಂಡೆಕಾಯಿಯಿಂದ ನಿಂಬೆ ಚಿಟ್ಟೆವರೆಗೆ: ಜೀವಶಾಸ್ತ್ರದ ಮೂಲ ಪದಗಳನ್ನು ಮನೆಯಲ್ಲೇ ನೋಡಿ ಕಲಿಯುವ ಸಮಗ್ರ ಮಾರ್ಗದರ್ಶಿ

ಅಂಡಾಶಯ ಎಂದರೇನು ಎಂದು ಕೇಳಿದರೆ ಎಂಟನೇ ತರಗತಿಯ ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ. ಕೈಗೆ ದಾಸವಾಳ ಕೊಟ್ಟು ಅಂಡಾಶಯ ತೋರಿಸಿ ಎಂದರೆ ಬೆರಳು ಹಳದಿ ಪರಾಗದ ಮೇಲೆ ಹೋಗಿ ನಿಲ್ಲುತ್ತದೆ. ಆಲೂಗಡ್ಡೆಯನ್ನು ಬೇರು ಎನ್ನುವುದು, ಸ್ಲೈಡಿನ ಗಾಳಿಗುಳ್ಳೆಯನ್ನು ಜೀವಕೋಶವೆಂದು ಚಿತ್ರ ಬರೆಯುವುದು, ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವೆ ಎಂದು ಬರೆಯುವುದು ಕೂಡ ವರ್ಷ ವರ್ಷವೂ ಕಾಣುವ ತಪ್ಪುಗಳೇ. ಇವೆಲ್ಲದರ ಮೂಲ ಒಂದೇ: ಪದ ಮೊದಲು ಬಾಯಿಪಾಠವಾಯಿತು, ವಸ್ತು ಕಣ್ಣಿಗೆ ಬೀಳಲೇ ಇಲ್ಲ.

ಆದ್ದರಿಂದ ಇಲ್ಲಿನ ಕ್ರಮ ಪಠ್ಯಪುಸ್ತಕದ ಕ್ರಮವಲ್ಲ. ಪುಸ್ತಕ ಸಾಮಾನ್ಯವಾಗಿ ಜೀವಕೋಶದಿಂದ ಶುರು ಮಾಡುತ್ತದೆ. ಮನೆಯಲ್ಲಿ ಕಲಿಯುವಾಗ ಮೊದಲು ಬರಿಗಣ್ಣಿಗೆ ಕಾಣುವ ಭಾಗಗಳು, ಆಮೇಲೆ ಕತ್ತರಿಸಿದರೆ ಕಾಣುವವು, ಅನಂತರ ಸೂಕ್ಷ್ಮದರ್ಶಕಕ್ಕೆ ಮಾತ್ರ ಸಿಗುವವು ಬರಬೇಕು. ಅಭಿಸರಣೆ, ಉಸಿರಾಟದಂಥ ಕ್ರಿಯೆಗಳ ಸರದಿ ಅದಾದ ಮೇಲೆ. ನೋಡದ ಭಾಗದೊಳಗೆ ನಡೆಯುವ ಕ್ರಿಯೆಯನ್ನು ಯಾವ ಮಗುವೂ ಊಹಿಸಿಕೊಳ್ಳಲಾರದು. ಹಂತಗಳನ್ನು ಹಾರಿಸಬೇಡಿ. ಹೆಚ್ಚಿನವಕ್ಕೆ ಒಂದೊಂದು ದಿನ ಕೊಟ್ಟರೆ ಸಾಕು, ಮೊಳಕೆ, ಚಿಟ್ಟೆಯಂಥವಕ್ಕೆ ಮಾತ್ರ ವಾರಗಟ್ಟಲೆ ಕಾಯಬೇಕು.

## ಬೇಕಾಗುವ ಸಾಮಾನು

10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಹೊಸ ಬ್ಲೇಡು, ಒಂದೆರಡು ಹೊಲಿಗೆ ಸೂಜಿ, ಚಿಮುಟ, ಸ್ಕೇಲು ಇಟ್ಟುಕೊಳ್ಳಿ. ಬ್ಲೇಡಿನ ಒಂದು ಅಂಚಿಗೆ ದಪ್ಪ ಟೇಪು ಸುತ್ತಿದ ಮೇಲೆಯೇ ಮಕ್ಕಳ ಕೈಗೆ ಕೊಡಬೇಕು. ಮೊಂಡು ಚಾಕು ಹೂವಿನ ಅಂಡಾಶಯವನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಆಮೇಲೆ ಒಳಗಿನ ಕೋಣೆಗಳು ಕಾಣುವುದಿಲ್ಲ.

ಮೆಡಿಕಲ್ ಅಂಗಡಿಯಿಂದ ಟಿಂಚರ್ ಅಯೋಡಿನ್ ತನ್ನಿ, ಪಿಷ್ಟವಿದ್ದಲ್ಲಿ ಅದು ಕಡುನೀಲಿಯಾಗುತ್ತದೆ. ಒಂದು ಟೀ ಚಮಚ ನೀರಿಗೆ 8ರಿಂದ 10 ಹನಿ ಹಾಕಿದರೆ ತಿಳಿ ಚಹಾದ ಬಣ್ಣ ಬರುತ್ತದೆ, ಅದೇ ಹದ. ಹೆಚ್ಚು ಗಟ್ಟಿಯಾದರೆ ಎಲ್ಲವೂ ಕಂದಾಗಿ ಕಾಣುತ್ತದೆ. ಬಾಟಲಿ ಬಹಳ ದಿನ ತೆರೆದಿದ್ದರೆ ಅಯೋಡಿನ್ ಆವಿಯಾಗಿ ಪರೀಕ್ಷೆ ಸುಳ್ಳು ಹೇಳುತ್ತದೆ. ಬಳಸುವ ಮುನ್ನ ಒಂದು ಹನಿಯನ್ನು ಅನ್ನದ ಅಗುಳಿನ ಮೇಲೆ ಹಾಕಿ. ಕಡುನೀಲಿ ಆಗದಿದ್ದರೆ ಹೊಸದು ತರಬೇಕು.

ಗಾಜಿನ ಸ್ಲೈಡು, ಕವರ್‌ಸ್ಲಿಪ್ಪು, ಸೂಕ್ಷ್ಮದರ್ಶಕ 4ನೇ ಹಂತಕ್ಕೆ ಬೇಕು. ಶಾಲೆಯದು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಕಾಗದದ ಫೋಲ್ಡ್‌ಸ್ಕೋಪ್ ಕೂಡ ಈ ಕೆಲಸಕ್ಕೆ ಸಾಲುತ್ತದೆ.

## ಹಂತ 1: ತರಕಾರಿ ಬುಟ್ಟಿಯಲ್ಲಿ ಬೇರು, ಕಾಂಡ, ಎಲೆ ಗುರುತಿಸಿ

ಮೊದಲು ಒಂದು ತುಂಡು ಕಬ್ಬು ತೆಗೆದುಕೊಳ್ಳಿ. ಉಬ್ಬಿದ ಉಂಗುರವೇ ಗೆಣ್ಣು, ಎರಡು ಗೆಣ್ಣುಗಳ ನಡುವಿನದು ಅಂತರಗೆಣ್ಣು, ಗೆಣ್ಣಿನ ಬಳಿ ಕಣ್ಣಿನಂತಿರುವುದು ಮೊಗ್ಗು. ಗೆಣ್ಣು ಮತ್ತು ಕ್ರಮಬದ್ಧವಾದ ಮೊಗ್ಗು ಇದ್ದರೆ ಅದು ಕಾಂಡ. ಬೇರಿಗೆ ಇವೆರಡೂ ಇರುವುದಿಲ್ಲ. ಮಣ್ಣಿನ ಒಳಗಿತ್ತೋ ಹೊರಗಿತ್ತೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಈಗ ಆಲೂಗಡ್ಡೆ, ಶುಂಠಿ, ಗೆಣಸು, ಕ್ಯಾರೆಟ್, ಈರುಳ್ಳಿಗಳನ್ನು ಸಾಲಾಗಿ ಇಡಿ. ಆಲೂಗಡ್ಡೆಯ ಪ್ರತಿ ಕಣ್ಣಿಗೂ ಒಂದು ಹಲ್ಲುಕಡ್ಡಿ ಚುಚ್ಚಿ ನೋಡಿ: ಕಡ್ಡಿಗಳು ಸುರುಳಿಯಾಗಿ ಸುತ್ತಿಕೊಂಡು ಹೋಗುತ್ತವೆ, ಒಂದು ತುದಿಯಲ್ಲಿ ದಟ್ಟವಾಗುತ್ತವೆ. ಇದು ಕಾಂಡದ ಲಕ್ಷಣ. ಶುಂಠಿಯ ಮೈಮೇಲಿನ ಉಂಗುರಗಳು ಗೆಣ್ಣುಗಳೇ, ಆದ್ದರಿಂದ ಅದೂ ಕಾಂಡ. ಕ್ಯಾರೆಟ್ ತಾಯಿಬೇರು. ಗೆಣಸು ಆಹಾರ ತುಂಬಿಕೊಂಡು ಊದಿದ ಬೇರು.

ಗೆಣಸಿನಲ್ಲಿ ಹೆಚ್ಚಿನವರು ಎಡವುತ್ತಾರೆ. ನೀರಲ್ಲಿಟ್ಟರೆ ಅದೂ ಚಿಗುರುತ್ತದೆ, ಹಾಗಾಗಿ ಕಾಂಡ ಎಂದು ಬರೆದುಬಿಡುತ್ತಾರೆ. ಚಿಗುರುವುದು ಪರೀಕ್ಷೆಯಲ್ಲ. ಚಿಗುರು ಎಲ್ಲಿಂದ ಬಂತು ಎಂದು ನೋಡಿ: ಆಲೂಗಡ್ಡೆಯಲ್ಲಿ ಮೊದಲೇ ಇದ್ದ ಕಣ್ಣಿನಿಂದ, ಗೆಣಸಿನಲ್ಲಿ ಯಾವ ಗುರುತೂ ಇಲ್ಲದ ಜಾಗದಿಂದ.

ಈರುಳ್ಳಿಯನ್ನು ಮೇಲಿನಿಂದ ಕೆಳಕ್ಕೆ ಉದ್ದುದ್ದ ಸೀಳಿ. ಬುಡದ ಗಟ್ಟಿ ಬಿಲ್ಲೆ ಮಾತ್ರ ಕಾಂಡ, ಅದರಿಂದ ಕೆಳಕ್ಕೆ ಇಳಿದ ಎಳೆಗಳು ಬೇರು, ನಾವು ತಿನ್ನುವ ಪದರಗಳೆಲ್ಲ ಎಲೆಗಳು. ಇದನ್ನು ನೆನಪಿಡಿ, 4ನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಇದೇ ದಿನ ಹಿತ್ತಲಲ್ಲಿ ಇನ್ನೆರಡನ್ನು ನೋಡಿ. ಪಾಪಸುಕಳ್ಳಿಯ ಹಸಿರು ಹಲಗೆ ಕಾಂಡ, ಮುಳ್ಳುಗಳು ರೂಪಾಂತರಗೊಂಡ ಎಲೆಗಳು. ಬೋಗನ್‌ವಿಲ್ಲಾದಲ್ಲಿ ಬಣ್ಣ ಬಣ್ಣವಾಗಿ ಕಾಣುವುದು ದಳವಲ್ಲ, ಬಣ್ಣ ಪಡೆದ ಎಲೆಗಳು; ಅವುಗಳ ನಡುವೆ ತೆಳ್ಳಗೆ ಕೊಳವೆಯಂತಿರುವುದೇ ನಿಜವಾದ ಹೂವು.

## ಹಂತ 2: ದಾಸವಾಳವನ್ನು ಹೊರಗಿನಿಂದ ಒಳಕ್ಕೆ ಬಿಚ್ಚಿ

ಐದೇ ದಳಗಳಿರುವ ಸಾದಾ ಕೆಂಪು ದಾಸವಾಳವನ್ನು ಬೆಳಗ್ಗೆ ಕಿತ್ತುಕೊಳ್ಳಿ. ಅನೇಕ ಸುತ್ತಿನ ಮುದ್ದೆ ದಾಸವಾಳ ಬೇಡ: ಅದರಲ್ಲಿ ಕೇಸರಗಳೇ ದಳಗಳಾಗಿ ಬದಲಾಗಿರುತ್ತವೆ, ಎಣಿಕೆ ತಪ್ಪುತ್ತದೆ. ಸೇವಂತಿಗೆ, ಸೂರ್ಯಕಾಂತಿಯಲ್ಲಿ ಒಂದು ಹೂವೆಂದು ಕಾಣುವುದು ನೂರಾರು ಚಿಕ್ಕ ಹೂಗಳ ಗುಂಪು. ಮೊದಲ ಪಾಠಕ್ಕೆ ಅವು ತಕ್ಕುದಲ್ಲ.

ಬುಡದಿಂದ ಶುರು ಮಾಡಿ. ಎಲ್ಲಕ್ಕಿಂತ ಹೊರಗೆ ಸಣ್ಣ ಹಸಿರು ಪಟ್ಟಿಗಳ ಒಂದು ಸುತ್ತು ಇರುತ್ತದೆ. ಇದು ದಾಸವಾಳದ ಕುಟುಂಬದಲ್ಲಿ ಕಾಣುವ ಹೆಚ್ಚುವರಿ ಸುತ್ತು, ಇದನ್ನೇ ಪುಷ್ಪಪತ್ರ ಎಂದು ಬರೆಯಬೇಡಿ. ಅದರ ಒಳಗಿನ, ಐದು ಹಲ್ಲುಗಳಿರುವ ಹಸಿರು ಬಟ್ಟಲು ಪುಷ್ಪಪತ್ರಗಳು ಕೂಡಿಕೊಂಡು ಆದದ್ದು. ಮೊಗ್ಗನ್ನು ಕಾಪಾಡಿದ್ದು ಇದೇ.

ಇಲ್ಲಿಂದ ಮುಂದೆ ಅವಸರ ಬೇಡ. ದಳಗಳನ್ನು ಹಿಡಿದು ಎಳೆದರೆ ಐದೂ ದಳಗಳು ಮತ್ತು ನಡುವಿನ ಉದ್ದ ಕೊಳವೆ ಒಟ್ಟಿಗೇ ಕಿತ್ತು ಬರುತ್ತವೆ, ಏಕೆಂದರೆ ದಳಗಳ ಬುಡ ಆ ಕೊಳವೆಗೆ ಅಂಟಿಕೊಂಡಿದೆ. ಅಂಡಾಶಯ ಹಸಿರು ಬಟ್ಟಲಿನ ತಳದಲ್ಲೇ ಉಳಿಯುತ್ತದೆ, ಬಟ್ಟಲು ಕಸಕ್ಕೆ ಹೋಗುತ್ತದೆ. ದಾಸವಾಳದಲ್ಲಿ ಅಂಡಾಶಯ ಸಿಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಇಲ್ಲಿಯೇ ಅದನ್ನು ಕಳೆದುಕೊಂಡಿರುತ್ತಾರೆ.

ಸರಿಯಾದ ದಾರಿ ಹೀಗಿದೆ. ಸೂಜಿಯಿಂದ ಹಸಿರು ಬಟ್ಟಲನ್ನು ಒಂದು ಕಡೆ ಸೀಳಿ, ಸುತ್ತಲೂ ಬಿಡಿಸಿ ತೆಗೆಯಿರಿ. ದಳಗಳನ್ನು ಬುಡದಿಂದ ಅರ್ಧ ಸೆಂಟಿಮೀಟರ್ ಮೇಲೆ ಕತ್ತರಿಸಿ. ಈಗ ಉಳಿದ ಕೊಳವೆಯ ಮೇಲ್ಭಾಗದಲ್ಲಿ ಸುತ್ತಲೂ ಕಾಣುವುದು ಕೇಸರಗಳು, ಅವುಗಳ ತುದಿಯ ಹಳದಿ ಗುಂಡು ಪರಾಗಕೋಶ. ಒಂದನ್ನು ಕಪ್ಪು ಕಾಗದಕ್ಕೆ ತಟ್ಟಿ. ದಾಸವಾಳದ ಪರಾಗರೇಣು ಸಾಕಷ್ಟು ದೊಡ್ಡದು, ಭೂತಗನ್ನಡಿಯಲ್ಲೇ ಬಿಡಿ ಬಿಡಿ ಕಾಳಾಗಿ ಕಾಣುತ್ತದೆ.

ಕೊಳವೆಯನ್ನು ಸೂಜಿಯಿಂದ ಮೇಲಿನಿಂದ ಕೆಳಕ್ಕೆ ಸೀಳಿ. ಒಳಗೆ ದಾರದಷ್ಟು ತೆಳ್ಳಗಿನ ಎಳೆಯಿದೆ: ಅದು ಶಲಾಕನಳಿಕೆ. ಅದರ ತುದಿಯ ಐದು ಗುಂಡು ಗುಂಡಾದ ಕೆಂಪು ಭಾಗಗಳು ಶಲಾಕಾಗ್ರ. ಎಳೆಯ ಜಾಡು ಹಿಡಿದು ಕೆಳಗಿಳಿದರೆ ತಿಳಿ ಬಣ್ಣದ, ಬಟಾಣಿಗಿಂತ ಚಿಕ್ಕ, ಮೊನಚು ತಲೆಯ ಉಬ್ಬು ಸಿಗುತ್ತದೆ. ಇದೇ ಅಂಡಾಶಯ. ಅದನ್ನು ಅಡ್ಡಕ್ಕೆ ಕತ್ತರಿಸಿ ಭೂತಗನ್ನಡಿ ಹಿಡಿಯಿರಿ: ಐದು ಕೋಣೆ, ಒಳಗೆ ಬಿಳಿ ಚುಕ್ಕೆಗಳಂಥ ಅಂಡಕಗಳು.

ದಾಸವಾಳ ಕಾಯಿ ಕಟ್ಟುವುದನ್ನು ಕಾಯುತ್ತಾ ಕೂರಬೇಡಿ, ಮನೆಯಂಗಳದ ದಾಸವಾಳ ಕಾಯಿ ಬಿಡುವುದು ಅಪರೂಪ. ಮುಂದಿನ ಪಾಠ ಅದರ ನೆಂಟ ಬೆಂಡೆಯಲ್ಲಿದೆ. ಅರಳಿದ ದಿನದ ಬೆಂಡೆ ಹೂವು, ದಳ ಬಾಡಿ ಬೀಳುತ್ತಿರುವ ಹೂವು, ಕಿರುಬೆರಳು ಗಾತ್ರದ ಎಳೆ ಕಾಯಿ, ಬಲಿತ ಕಾಯಿ, ಈ ನಾಲ್ಕನ್ನೂ ಅಡ್ಡಕ್ಕೆ ಕತ್ತರಿಸಿ ಒಂದೇ ತಟ್ಟೆಯಲ್ಲಿ ಸಾಲಾಗಿ ಇಡಿ. ಅದೇ ಐದು ಕೋಣೆ ಹಿಗ್ಗುತ್ತಾ ಹೋಗುವುದು, ಅಂಡಕಗಳು ಬೀಜಗಳಾಗುವುದು ಕಣ್ಣೆದುರೇ ಇರುತ್ತದೆ. ಕೆಲವು ತಳಿಗಳಲ್ಲಿ ಐದಕ್ಕಿಂತ ಹೆಚ್ಚು ಕೋಣೆಗಳಿರುತ್ತವೆ, ಗಾಬರಿ ಬೇಡ. ಅಂಡಾಶಯ ಬೆಳೆದರೆ ಹಣ್ಣು, ಅಂಡಕ ಬೆಳೆದರೆ ಬೀಜ ಎಂಬ ವಾಕ್ಯವನ್ನು ಈ ತಟ್ಟೆಯ ಮುಂದೆ ಕುಳಿತು ಬರೆಸಿ. ಬದನೆ, ಟೊಮೆಟೊ, ಸೌತೆ, ಬೆಂಡೆ ಜೀವಶಾಸ್ತ್ರದ ಲೆಕ್ಕದಲ್ಲಿ ಹಣ್ಣುಗಳೇ ಎಂಬುದಕ್ಕೆ ಆಮೇಲೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಪರಾಗಸ್ಪರ್ಶ ಮತ್ತು ನಿಶೇಚನ ಒಂದೇ ಅಲ್ಲ. ಪರಾಗ ಶಲಾಕಾಗ್ರದ ಮೇಲೆ ಬಂದು ಕೂರುವುದು ಪರಾಗಸ್ಪರ್ಶ. ಅದರಿಂದ ನಳಿಕೆ ಬೆಳೆದು ಅಂಡಕದವರೆಗೆ ಇಳಿದು, ಗಂಡು ಲಿಂಗಾಣು ಅಂಡಾಣುವಿನೊಂದಿಗೆ ಸೇರುವುದು ನಿಶೇಚನ. ಮೊದಲನೆಯದನ್ನು ನೋಡಬಹುದು, ಎರಡನೆಯದು ಅಂಡಾಶಯದೊಳಗೆ ನಡೆಯುತ್ತದೆ.

ಅರಳುವ ಮುನ್ನಾದಿನ ಬೆಂಡೆ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿದರೂ ಕಾಯಿ ಕಟ್ಟುತ್ತದೆ: ಸ್ವಕೀಯ ಪರಾಗಸ್ಪರ್ಶ. ಕುಂಬಳದ ಹೆಣ್ಣು ಹೂವಿಗೆ ಹಾಗೆ ಕಟ್ಟಿದರೆ ಕಾಯಿ ಹಳದಿಯಾಗಿ ಉದುರುತ್ತದೆ, ಏಕೆಂದರೆ ಗಂಡು ಹೂವು ಬೇರೆಯೇ ಇದೆ. ದಳಗಳ ಕೆಳಗೆ ಪುಟ್ಟ ಕುಂಬಳ ಕಂಡರೆ ಹೆಣ್ಣು, ಬರೀ ತೊಟ್ಟು ಇದ್ದರೆ ಗಂಡು. ಈ ಹೂಗಳು ಬೆಳಗ್ಗೆ ಬೇಗ ಅರಳುತ್ತವೆ, ಆದ್ದರಿಂದ ಚೀಲವನ್ನು ಹಿಂದಿನ ಸಂಜೆಯೇ ಕಟ್ಟಬೇಕು.

## ಹಂತ 3: ಬೀಜ ಬಿಡಿಸಿ, ಮೊಳಕೆ ಬರಿಸಿ

ಕಡಲೆಕಾಯಿ ಬೀಜದ ಕೆಂಪು ಸಿಪ್ಪೆ ತೆಗೆದು ಎರಡು ಹೋಳು ಮಾಡಿ. ಹೋಳುಗಳು ಬೀಜದಳಗಳು, ಒಂದು ಹೋಳಿನ ತುದಿಗೆ ಅಂಟಿಕೊಂಡ ಪುಟ್ಟ ಮೊಳಕೆ ಭ್ರೂಣದ ಉಳಿದ ಭಾಗ. ಭೂತಗನ್ನಡಿಯಲ್ಲಿ ಮಡಚಿದ ಎಲೆಗಳೂ ಕಾಣುತ್ತವೆ: ಪ್ರಥಮ ಕಾಂಡ. ಅದರ ವಿರುದ್ಧ ದಿಕ್ಕಿನ ಮೊನೆ ಪ್ರಥಮ ಮೂಲ.

ಮೆಕ್ಕೆಜೋಳದ ಕಾಳನ್ನು ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಉದ್ದಕ್ಕೆ ಸೀಳಿ, ಕತ್ತರಿಸಿದ ಮುಖಕ್ಕೆ ಅಯೋಡಿನ್ ಸವರಿ. ಹೆಚ್ಚಿನ ಭಾಗ ಕಡುನೀಲಿಯಾಗುತ್ತದೆ. ಅದು ಪಿಷ್ಟ ತುಂಬಿದ ಎಂಡೋಸ್ಪರ್ಮ್, ಅಂದರೆ ಭ್ರೂಣಕ್ಕಾಗಿ ಕೂಡಿಟ್ಟ ಆಹಾರ. ತೊಟ್ಟಿನ ಕಡೆ ಬಣ್ಣ ಹಿಡಿಯದೆ ಉಳಿದದ್ದು ಭ್ರೂಣ ಮತ್ತು ಅದರ ಒಂದೇ ಬೀಜದಳ. ಏಕದಳ, ದ್ವಿದಳ ಎಂಬ ವ್ಯತ್ಯಾಸ ಇಲ್ಲಿಂದ ಹೊರಡುತ್ತದೆ.

ಈಗ ಹೆಸರುಕಾಳು ಮತ್ತು ರಾಗಿಯನ್ನು 8 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೊದಲು ಹೊರಬರುವುದು ಬೇರು, ಚಿಗುರಲ್ಲ. ವಾರದ ನಂತರ ಕುಂಡದಲ್ಲಿ ಬೆಳೆದ ಸಸಿಗಳನ್ನು ಕಿತ್ತು ತೊಳೆದರೆ ಹೆಸರಿನಲ್ಲಿ ತಾಯಿಬೇರು, ರಾಗಿಯಲ್ಲಿ ತಂತುಬೇರು ಕಾಣುತ್ತವೆ. ಹೆಸರಿನ ಎಲೆಯಲ್ಲಿ ನರಗಳು ಬಲೆಯಂತೆ ಹರಡಿವೆ, ರಾಗಿಯಲ್ಲಿ ಸಮಾನಾಂತರವಾಗಿವೆ.

ಕಾಳು ನೀರಲ್ಲಿ ಮುಳುಗಿಯೇ ಇದ್ದರೆ ಗಾಳಿ ಸಿಗದೆ ಕೊಳೆಯುತ್ತದೆ. ಹುಳಿ ವಾಸನೆ, ಲೋಳೆ ಕಂಡರೆ ಎಸೆದು ಮತ್ತೆ ಶುರು ಮಾಡಿ. ಬಿತ್ತನೆ ಅಂಗಡಿಯ ಬಣ್ಣ ಲೇಪಿಸಿದ ಬೀಜ ಬಳಸಬೇಡಿ. ಅದಕ್ಕೆ ಔಷಧ ಹಾಕಿರುತ್ತಾರೆ, ಬರಿಗೈಯಲ್ಲಿ ಮುಟ್ಟುವಂತಿಲ್ಲ.

## ಹಂತ 4: ಈರುಳ್ಳಿ ಪೊರೆಯಲ್ಲಿ ಜೀವಕೋಶ ನೋಡಿ

ಈರುಳ್ಳಿಯನ್ನು ನಾಲ್ಕು ಹೋಳು ಮಾಡಿ, ಒಳಗಿನ ಮೂರನೆಯ ಅಥವಾ ನಾಲ್ಕನೆಯ ರಸಭರಿತ ಪದರ ತೆಗೆಯಿರಿ. ಹೊರಗಿನ ಕಾಗದದಂಥ ಒಣ ಸಿಪ್ಪೆಯ ಕೋಶಗಳು ಸತ್ತಿರುತ್ತವೆ, ಅದರಲ್ಲಿ ಕೋಶಕೇಂದ್ರ ಹುಡುಕಿದರೆ ಸಿಗದು. ಪದರವನ್ನು ಹಿಂದಕ್ಕೆ ಬಗ್ಗಿಸಿ ಮುರಿದರೆ ಒಳಬದಿಯಿಂದ ಪಾರದರ್ಶಕ ಪೊರೆಯೊಂದು ಎದ್ದು ಬರುತ್ತದೆ. 5 ಮಿಲಿಮೀಟರ್ ಚೌಕದಷ್ಟು ತುಂಡು ಸಾಕು. ದೊಡ್ಡದಾದರೆ ಮಡಚಿಕೊಳ್ಳುತ್ತದೆ.

ಸ್ಲೈಡಿನ ಮೇಲೆ ಮೊದಲು ನೀರಿನ ಹನಿ, ಆಮೇಲೆ ಪೊರೆ. ಈ ಕ್ರಮ ತಿರುಗಿದರೆ ಪೊರೆಯ ಅಡಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಪೊರೆಯ ಮಡಿಕೆಗಳನ್ನು ಸೂಜಿಯಿಂದ ಬಿಡಿಸಿ, ಒಂದು ಹನಿ ಅಯೋಡಿನ್ ಹಾಕಿ 2–3 ನಿಮಿಷ ಬಿಡಿ. ಕವರ್‌ಸ್ಲಿಪ್ಪಿನ ಒಂದು ಅಂಚನ್ನು ಸ್ಲೈಡಿಗೆ ತಾಗಿಸಿ, ಇನ್ನೊಂದನ್ನು ಸೂಜಿಯ ಮೇಲೆ ಹೊತ್ತುಕೊಂಡು ನಿಧಾನವಾಗಿ ಇಳಿಸಿ. ಮೇಲಿನಿಂದ ನೇರ ಬೀಳಿಸಿದರೆ ಗುಳ್ಳೆ ಖಂಡಿತ. ಹೊರಗೆ ಬಂದ ನೀರನ್ನು ಟಿಶ್ಯೂ ಕಾಗದದಿಂದ ಹೀರಿ ತೆಗೆಯಿರಿ.

ಎಲ್ಲಕ್ಕಿಂತ ಕಡಿಮೆ ಶಕ್ತಿಯ ಮಸೂರದಿಂದ ಶುರು ಮಾಡಿ, ಚಿತ್ರ ಸ್ಪಷ್ಟವಾದ ಮೇಲೆ ಮುಂದಿನದಕ್ಕೆ ಹೋಗಿ. ಉದ್ದುದ್ದ ಇಟ್ಟಿಗೆ ಜೋಡಿಸಿದ ಹಾಗೆ ಒತ್ತೊತ್ತಾಗಿ ಕೂತಿರುವವೇ ಜೀವಕೋಶಗಳು. ಅವುಗಳ ನಡುವಿನ ಗೆರೆ ಕೋಶಭಿತ್ತಿ. ಪ್ರತಿಯೊಂದರಲ್ಲೂ ಕಂದು-ಹಳದಿ ಚುಕ್ಕೆಯಂತಿರುವುದು ಕೋಶಕೇಂದ್ರ. ಅದು ಹೆಚ್ಚಾಗಿ ನಡುವಿನಲ್ಲಿರದೆ ಅಂಚಿಗೆ ಒತ್ತರಿಸಿಕೊಂಡಿರುತ್ತದೆ. ಕೋಶದ ನಡುವೆ ದೊಡ್ಡ ರಸದಾನಿ, ಅಂದರೆ ರಸ ತುಂಬಿದ ಚೀಲ, ಜಾಗ ಹಿಡಿದಿರುವುದೇ ಕಾರಣ. ಪುಸ್ತಕದ ಚಿತ್ರ ನೆನಪಿಟ್ಟುಕೊಂಡು ಎಲ್ಲ ಕೋಶಕೇಂದ್ರಗಳನ್ನೂ ನಟ್ಟನಡುವೆ ಬರೆಯುವವರು ಕಂಡದ್ದನ್ನು ಬರೆಯುತ್ತಿಲ್ಲ.

ಗಾಳಿಗುಳ್ಳೆ ಅಚ್ಚುಕಟ್ಟಾಗಿ ದುಂಡಗಿರುತ್ತದೆ, ಅಂಚು ದಪ್ಪ ಕಪ್ಪು, ಒಳಗೆ ಏನೂ ಇಲ್ಲ, ಕವರ್‌ಸ್ಲಿಪ್ಪನ್ನು ಸೂಜಿಯಿಂದ ಮೆಲ್ಲಗೆ ಒತ್ತಿದರೆ ಜರುಗುತ್ತದೆ. ಜೀವಕೋಶ ಜರುಗುವುದಿಲ್ಲ.

ಕೋಶಪೊರೆ ಭಿತ್ತಿಗೆ ಅಂಟಿಕೊಂಡಿರುವುದರಿಂದ ಬೇರೆಯಾಗಿ ಕಾಣುವುದಿಲ್ಲ. ಅದನ್ನು ಬೇರ್ಪಡಿಸಲು ಇನ್ನೊಂದು ಸ್ಲೈಡು ಮಾಡಿ: ಕೆಂಪು ಈರುಳ್ಳಿಯ ರಸಭರಿತ ಪದರದ ಹೊರಬದಿಯ ನೇರಳೆ ಪೊರೆಯನ್ನು ಅಯೋಡಿನ್ ಹಾಕದೆ ನೀರಿನಲ್ಲಿಟ್ಟು ನೋಡಿ. ಬಳಿಕ ಕವರ್‌ಸ್ಲಿಪ್ಪಿನ ಒಂದು ಬದಿಗೆ ಗಟ್ಟಿ ಉಪ್ಪುನೀರಿನ ಹನಿ ಇಟ್ಟು, ಎದುರು ಬದಿಯಿಂದ ಟಿಶ್ಯೂವಿನಿಂದ ನೀರು ಎಳೆಯಿರಿ. ಕೆಲವು ನಿಮಿಷಗಳಲ್ಲಿ ನೇರಳೆ ಬಣ್ಣ ಕುಗ್ಗಿ ಭಿತ್ತಿಯಿಂದ ದೂರ ಸರಿಯುತ್ತದೆ. ಹೊರಗೆ ಖಾಲಿ ಚೌಕಟ್ಟಾಗಿ ಉಳಿದದ್ದು ಭಿತ್ತಿ, ಕುಗ್ಗಿದ ನೇರಳೆ ಭಾಗದ ಅಂಚೇ ಕೋಶಪೊರೆ ಇರುವ ಜಾಗ.

ಈರುಳ್ಳಿಯಿಂದ ಬಿಡಿಸಿದ ಪೊರೆಯೇ ಒಂದು ಅಂಗಾಂಶ: ಒಂದೇ ಬಗೆಯ ಕೋಶಗಳ ಹಾಸು. ಪೊರೆಯನ್ನು ಹೊತ್ತ ಇಡೀ ಪದರ ಎಲೆ, ಅಂದರೆ ಅಂಗ. ಎಲೆಯಾದರೂ ಇಲ್ಲಿ ಹಸಿರು ಕಣಗಳಿಲ್ಲ, ಮಣ್ಣೊಳಗೆ ಬೆಳೆದು ಆಹಾರ ಕೂಡಿಡುವ ಎಲೆ ಇದು. ಹಸಿರು ಕಣ, ಅಂದರೆ ಕ್ಲೋರೋಪ್ಲಾಸ್ಟ್ ನೋಡಬೇಕೆಂದರೆ ಅಕ್ವೇರಿಯಂ ಅಂಗಡಿಯ ಹೈಡ್ರಿಲ್ಲಾ ಗಿಡದ ಒಂದು ಎಳೆ ಎಲೆಯನ್ನು ಇಡಿಯಾಗಿ ನೀರಿನ ಹನಿಯಲ್ಲಿಡಿ. ಅದು ಬಹಳ ತೆಳು, ಕತ್ತರಿಸುವ ಅಗತ್ಯವಿಲ್ಲ.

## ಹಂತ 5: ಕ್ರಿಯೆಗಳು. ಪ್ರತಿ ಬಾರಿಯೂ ಜೋಡಿ ಇಡಿ

ಇಲ್ಲಿ ಒಂದು ನಿಯಮ ತಪ್ಪಬಾರದು: ಯಾವ ಪ್ರಯೋಗವನ್ನೂ ಒಂಟಿಯಾಗಿ ಮಾಡಬೇಡಿ. ಒಂದೇ ಒಂದು ಅಂಶ ಬೇರೆಯಿರುವ ಜೋಡಿಯನ್ನು ಪಕ್ಕದಲ್ಲೇ ಇಡಿ. ಜೋಡಿಯಿಲ್ಲದ ಪ್ರಯೋಗ ಏನನ್ನೂ ಸಾಬೀತು ಮಾಡುವುದಿಲ್ಲ.

ಅಭಿಸರಣೆ, ಅಂದರೆ ತೆಳು ದ್ರಾವಣದಿಂದ ಗಟ್ಟಿ ದ್ರಾವಣದ ಕಡೆಗೆ ನೀರು ಪೊರೆಯ ಮೂಲಕ ದಾಟುವುದು. ಹಸಿ ಆಲೂಗಡ್ಡೆಯಿಂದ ಸರಿಯಾಗಿ 5 ಸೆಂ.ಮೀ. ಉದ್ದ, 1 ಸೆಂ.ಮೀ. ದಪ್ಪದ ಕಡ್ಡಿಗಳನ್ನು ಕತ್ತರಿಸಿ. ಒಂದು ಲೋಟದಲ್ಲಿ ಬರೀ ನೀರು, ಇನ್ನೊಂದರಲ್ಲಿ ಅದೇ 200 ಮಿ.ಲೀ. ನೀರಿಗೆ ಎರಡು ಟೀ ಚಮಚ ಉಪ್ಪು. 4 ಗಂಟೆ ಬಿಟ್ಟು ತೆಗೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಅಳೆಯಿರಿ. ನೀರಿನದು ಬಿರುಸಾಗಿ ಮುರಿಯುತ್ತದೆ. ಉಪ್ಪಿನದು ಮೆತ್ತಗಾಗಿ ಬಾಗುತ್ತದೆ, ಉದ್ದವೂ ಕುಗ್ಗಿರುತ್ತದೆ. ಬೇಯಿಸಿದ ಆಲೂಗಡ್ಡೆಯ ಕಡ್ಡಿಯನ್ನೂ ನೀರಿನಲ್ಲಿಟ್ಟು ನೋಡಿ, ಅದು ಬಿರುಸಾಗುವುದಿಲ್ಲ. ಬೇಯಿಸಿದಾಗ ಕೋಶಪೊರೆ ಹಾಳಾಗಿದೆ, ಪೊರೆಯಿಲ್ಲದೆ ಅಭಿಸರಣೆಯಿಲ್ಲ. ಉಪ್ಪಿನಕಾಯಿಗೆ ಉಪ್ಪು ಬೆರೆಸಿಟ್ಟ ಮಾವಿನ ಹೋಳು ಮರುದಿನ ನೀರು ಬಿಟ್ಟಿರುವುದೂ ಇದೇ ಕ್ರಿಯೆ. ಊದುಬತ್ತಿಯ ವಾಸನೆ ಕೋಣೆ ತುಂಬುವುದು ಮಾತ್ರ ವಿಸರಣೆ, ಅಂದರೆ ಬರೀ ಹರಡಿಕೊಳ್ಳುವುದು, ಅಲ್ಲಿ ದಾಟಬೇಕಾದ ಪೊರೆಯಿಲ್ಲ.

ಬಾಷ್ಪವಿಸರ್ಜನೆ, ಅಂದರೆ ಎಲೆಗಳಿಂದ ನೀರು ಆವಿಯಾಗಿ ಹೊರಹೋಗುವುದು. ದಾಸವಾಳದ ಒಂದು ಎಲೆಭರಿತ ಕೊಂಬೆಗೆ ಒಣ ಪಾರದರ್ಶಕ ಚೀಲ ಹಾಕಿ ದಾರ ಕಟ್ಟಿ. ಪಕ್ಕದ ಕೊಂಬೆಯ ಎಲೆಗಳನ್ನೆಲ್ಲ ತೆಗೆದು ಅದಕ್ಕೂ ಹಾಗೆಯೇ ಕಟ್ಟಿ. ಬಿಸಿಲಿರುವಾಗ 2 ಗಂಟೆ ಸಾಕು, ಎಲೆಯಿದ್ದ ಚೀಲದಲ್ಲಿ ಹನಿಗಳು ಮೂಡುತ್ತವೆ. ಕುಂಡವನ್ನೂ ಸೇರಿಸಿ ಮುಚ್ಚಿದರೆ ಹನಿ ಮಣ್ಣಿನದೋ ಎಲೆಯದೋ ಗೊತ್ತಾಗದು.

ದ್ಯುತಿಸಂಶ್ಲೇಷಣೆ. ಬಿಳಿ-ಹಸಿರು ಮಚ್ಚೆಯ ಮನಿಪ್ಲಾಂಟ್ ಎಲೆಯನ್ನು ಮಧ್ಯಾಹ್ನದ ಮೇಲೆ, ಒಳ್ಳೆಯ ಬೆಳಕು ಬಿದ್ದ ಗಿಡದಿಂದ ಕಿತ್ತು, ಮಚ್ಚೆಗಳ ನಕಾಶೆ ಬರೆದುಕೊಳ್ಳಿ. 2 ನಿಮಿಷ ನೀರಲ್ಲಿ ಕುದಿಸಿ. ಈಗ ಸ್ಟವ್ ಪೂರ್ತಿ ಆರಿಸಿ. ಕುದಿದ ನೀರಿನ ಪಾತ್ರೆಯನ್ನು ದೂರದ ಮೇಜಿಗೆ ತಂದು, ಅದರೊಳಗೆ ಸ್ಪಿರಿಟ್ ತುಂಬಿದ ಸ್ಟೀಲ್ ಲೋಟ ಇಟ್ಟು, ಎಲೆಯನ್ನು ಅದರಲ್ಲಿ ಮುಳುಗಿಸಿ. ಸ್ಪಿರಿಟ್ಟನ್ನು ಎಂದೂ ಬೆಂಕಿಯ ಹತ್ತಿರ ತರಬಾರದು, ಅದರ ಆವಿಯೇ ಹೊತ್ತಿಕೊಳ್ಳುತ್ತದೆ. ಈ ಭಾಗ ದೊಡ್ಡವರ ಕೈಯಲ್ಲೇ ಇರಲಿ. ಎಲೆ ಬಿಳುಪಾದ ಮೇಲೆ ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ತಟ್ಟೆಯಲ್ಲಿ ಹರಡಿ, ಅಯೋಡಿನ್ ಹಾಕಿ. ಹಸಿರಿದ್ದ ಕಡೆ ಕಡುನೀಲಿ, ಬಿಳಿಯಿದ್ದ ಕಡೆ ಕಂದು. ಪತ್ರಹರಿತ್ತು ಇದ್ದಲ್ಲಿ ಮಾತ್ರ ಪಿಷ್ಟ ಎಂಬುದು ನಕಾಶೆಗೆ ಹೋಲಿಸಿದಾಗ ತಿಳಿಯುತ್ತದೆ. ಬಣ್ಣ ಬರದಿದ್ದರೆ ಎಲೆಯ ಹಸಿರು ಪೂರ್ತಿ ಹೋಗಿರಲಿಲ್ಲ, ಇಲ್ಲವೇ ಎಲೆಯನ್ನು ಮುಂಜಾನೆಯೇ ಕಿತ್ತಿದ್ದೀರಿ.

ಉಸಿರಾಟ. ಎಲೆಅಡಿಕೆಗೆ ಬಳಸುವ ಸುಣ್ಣವನ್ನು ಒಂದು ಟೀ ಚಮಚದಷ್ಟು ಅರ್ಧ ಲೀಟರ್ ನೀರಿಗೆ ಕಲಕಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಮೇಲಿನ ತಿಳಿನೀರನ್ನು ಮಾತ್ರ ತೆಗೆಯಿರಿ. ಕಣ್ಣಿಗೆ ತಾಗದಂತೆ ಎಚ್ಚರ. ಮೊಳಕೆ ಬಂದ ಕಡಲೆ ಒಂದು ಹಿಡಿಯನ್ನು ಅಗಲ ಬಾಯಿಯ ಬಾಟಲಿಗೆ ಹಾಕಿ, ಚಿಕ್ಕ ಬಟ್ಟಲಲ್ಲಿ ತಿಳಿ ಸುಣ್ಣದ ನೀರಿಟ್ಟು ಬಿಗಿಯಾಗಿ ಮುಚ್ಚಿ. ಇನ್ನೊಂದು ಬಾಟಲಿಯಲ್ಲಿ ಬೇಯಿಸಿ ಆರಿಸಿದ ಅಷ್ಟೇ ಕಡಲೆ. ಮರುದಿನ ಬೆಳಗ್ಗೆ ಮೊದಲನೆಯದರ ನೀರು ಚೆನ್ನಾಗಿ ಬೆಳ್ಳಗಾಗಿರುತ್ತದೆ: ಉಸಿರಾಟದಲ್ಲಿ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಸುಣ್ಣದ ನೀರನ್ನು ಬೆಳ್ಳಗೆ ಮಾಡುತ್ತದೆ. ಬಾಟಲಿಯೊಳಗಿನ ಗಾಳಿಯಿಂದಲೇ ಎರಡನೆಯದರಲ್ಲೂ ತೆಳು ಕೆನೆ ಕಟ್ಟಬಹುದು. ಜೋಡಿ ಇಟ್ಟದ್ದು ಇದಕ್ಕಾಗಿಯೇ. ಒಂದು ದಿನಕ್ಕಿಂತ ಹೆಚ್ಚು ಬಿಟ್ಟರೆ ಬೆಂದ ಕಾಳಿನ ಮೇಲೆ ಸೂಕ್ಷ್ಮಜೀವಿಗಳು ಬೆಳೆದು ಅವೂ ಉಸಿರಾಡತೊಡಗುತ್ತವೆ. ಹಗಲು ಬೆಳಕಿನಲ್ಲಿಟ್ಟು ಮಾಡಿದರೂ ಮೊಳಕೆಕಾಳಿನ ಫಲಿತಾಂಶ ಇದೇ: ಉಸಿರಾಟಕ್ಕೆ ಹಗಲು ರಾತ್ರಿ ಇಲ್ಲ.

## ಹಂತ 6: ಮೀನು, ಸೀಗಡಿ, ಮೊಟ್ಟೆ

ಮನೆಯಲ್ಲಿ ಮೀನು ತರುವವರು ಬಂಗುಡೆಯ ತಲೆ ಉಳಿಸಿಕೊಳ್ಳಿ. ಕೆನ್ನೆಯ ಗಟ್ಟಿ ಮುಚ್ಚಳ ಎತ್ತಿದರೆ ಕೆಂಪು ಕಿವಿರು, ಮೀನು ಉಸಿರಾಡುವ ಅಂಗ. ಒಂದನ್ನು ಕತ್ತರಿಸಿ ನೀರು ತುಂಬಿದ ಬಿಳಿ ತಟ್ಟೆಯಲ್ಲಿ ಹಾಕಿ: ಬಾಚಣಿಗೆಯ ಹಲ್ಲಿನಂತೆ ಎಳೆಗಳು ಬಿಡಿಯಾಗಿ ಹರಡಿಕೊಳ್ಳುತ್ತವೆ. ನೀರಿನಿಂದ ಎತ್ತಿದ ಕೂಡಲೇ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಗಾಳಿಯಲ್ಲಿ ಆಮ್ಲಜನಕ ಹೆಚ್ಚಿದ್ದರೂ ಮೀನು ದಡದಲ್ಲಿ ಬದುಕದಿರುವುದಕ್ಕೆ ಇದೇ ಮುಖ್ಯ ಕಾರಣ. ಸೀಗಡಿಯಲ್ಲಿ ಹೊರಕಂಕಾಲ, ಕೀಲುಗಳಿರುವ ಕಾಲುಗಳು ಸುಲಭವಾಗಿ ಸಿಗುತ್ತವೆ. ನಡೆಯುವ ಕಾಲುಗಳನ್ನು ಎಣಿಸಿ: ಐದು ಜೊತೆ. ಇರುವೆಗೆ ಮೂರು ಜೊತೆ, ಜೇಡಕ್ಕೆ ನಾಲ್ಕು. ಆದ್ದರಿಂದ ಮೂರೂ ಸಂಧಿಪದಿಗಳಾದರೂ ಕೀಟ ಎನ್ನಿಸಿಕೊಳ್ಳುವುದು ಇರುವೆ ಮಾತ್ರ.

ಕೋಳಿಮೊಟ್ಟೆಯನ್ನು ತಟ್ಟೆಗೆ ಮೆಲ್ಲಗೆ ಒಡೆದು ಹಳದಿಯ ಮೇಲೆ 2–3 ಮಿ.ಮೀ. ಬಿಳಿ ಚುಕ್ಕೆ ಹುಡುಕಿ. ನಿಶೇಚನಗೊಂಡಿದ್ದರೆ ಮರಿ ಬೆಳೆಯಬೇಕಾದ ಜಾಗ ಅದು. ಹಳದಿ ಆಹಾರ ಸಂಗ್ರಹ, ಹಳದಿಯೇ ಮರಿಯಾಗುತ್ತದೆ ಎನ್ನುವುದು ತಪ್ಪು. ಹುಂಜವಿಲ್ಲದ ಫಾರಂನ ಮೊಟ್ಟೆ ನಿಶೇಚನಗೊಂಡಿರುವುದಿಲ್ಲ, ಎಷ್ಟು ಕಾವು ಕೊಟ್ಟರೂ ಮರಿಯಾಗದು. ಹಸಿ ಮೊಟ್ಟೆ, ಮೀನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು.

## ಹಂತ 7: ಕರಿಬೇವಿನ ಗಿಡದಲ್ಲಿ ರೂಪಪರಿವರ್ತನೆ

ಕರಿಬೇವು ಅಥವಾ ನಿಂಬೆ ಗಿಡದ ಎಳೆ ಎಲೆಗಳ ಮೇಲೆ ಸಾಸಿವೆಗಿಂತ ಚಿಕ್ಕ, ತಿಳಿಹಳದಿ ಮೊಟ್ಟೆ ಅಥವಾ ಹಕ್ಕಿ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ಹುಡುಕಿ. ನಿಂಬೆ ಚಿಟ್ಟೆಯ ಲಾರ್ವಾ ಅದು. ಬೆಳೆದಂತೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು-ಕಿತ್ತಳೆ ಅಂಗ ಚಾಚಿ ಗಾಟು ವಾಸನೆ ಬಿಡುತ್ತದೆ, ಅಪಾಯವೇನಿಲ್ಲ.

ಅಗಲ ಬಾಯಿಯ ಭರಣಿಗೆ ಬಟ್ಟೆ ಕಟ್ಟಿ ಸಾಕಿ. ಕರಿಬೇವಿನ ರೆಂಬೆಯನ್ನು ನೀರಿನ ಪುಟ್ಟ ಸೀಸೆಯಲ್ಲಿ ನಿಲ್ಲಿಸಿ, ಸೀಸೆಯ ಬಾಯಿಗೆ ಹತ್ತಿ ತುರುಕಿ, ಇಲ್ಲವಾದರೆ ಹುಳು ಒಳಗಿಳಿದು ಮುಳುಗುತ್ತದೆ. ಮಾರುಕಟ್ಟೆಯ ಕರಿಬೇವು ಹಾಕಬೇಡಿ: ಕೀಟನಾಶಕ ಉಳಿದಿದ್ದರೆ ಹುಳು ಒಂದೇ ದಿನದಲ್ಲಿ ಸಾಯುತ್ತದೆ. ಹಿಕ್ಕೆಯನ್ನು ದಿನವೂ ತೆಗೆಯದಿದ್ದರೆ ಬೂಷ್ಟು ಬರುತ್ತದೆ. ಹುಳು ಅಲುಗಾಡದೆ, ತಿನ್ನದೆ ಒಂದು ದಿನ ಕೂತರೆ ಸತ್ತಿತೆಂದು ಎಸೆಯಬೇಡಿ. ಅದು ಪೊರೆ ಕಳಚುವ ಸಮಯ. ರೇಷ್ಮೆ ಬೆಳೆಗಾರರು ಇದನ್ನೇ ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಆಗ ಮುಟ್ಟದಿರುವುದೇ ಕ್ಷೇಮ.

ಎರಡು ಮೂರು ವಾರಗಳಲ್ಲಿ ಹುಳು ತಿನ್ನುವುದು ಬಿಟ್ಟು, ತೆಳು ಹಿಕ್ಕೆ ಹಾಕಿ, ಅತ್ತಿತ್ತ ಅಲೆಯತೊಡಗುತ್ತದೆ. ಆಗ ಭರಣಿಯಲ್ಲಿ ಒಂದು ಒರಟು ಕಡ್ಡಿ ಓರೆಯಾಗಿ ಇಡಿ. ಅದು ಸೊಂಟಕ್ಕೊಂದು ರೇಷ್ಮೆ ಎಳೆ ಬಿಗಿದುಕೊಂಡು ಪ್ಯೂಪ, ಅಂದರೆ ಹುಳುವಿಗೂ ಚಿಟ್ಟೆಗೂ ನಡುವಿನ ಹಂತ, ಆಗುತ್ತದೆ. ರೇಷ್ಮೆಹುಳುವಿನ ಗೂಡು ಬೇರೆ, ಪ್ಯೂಪ ಬೇರೆ: ಗೂಡು ಹುಳು ನೇಯ್ದ ಹೊದಿಕೆ, ಪ್ಯೂಪ ಅದರೊಳಗಿರುವ ಜೀವ. ನಿಂಬೆ ಚಿಟ್ಟೆಗೆ ಗೂಡಿಲ್ಲದಿರುವುದರಿಂದ ಪ್ಯೂಪ ನೇರವಾಗಿ ಕಾಣುತ್ತದೆ.

ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದೂವರೆ ವಾರಕ್ಕೆ ಚಿಟ್ಟೆ ಬರುತ್ತದೆ. ರೆಕ್ಕೆ ಮುದುಡಿರುತ್ತದೆ, ಬಿಡಿಸಲು ಹೋಗಬೇಡಿ. ನೇತಾಡಲು ಜಾಗವಿದ್ದರೆ ತಾನಾಗಿ ಹರಡುತ್ತದೆ. ಪ್ಯೂಪದಲ್ಲಿ ತೂತಾಗಿ ಸಣ್ಣ ಕಣಜಗಳು ಹೊರಬಂದರೆ ನಿಮ್ಮ ಆರೈಕೆಯಲ್ಲಿ ತಪ್ಪಾಗಿಲ್ಲ; ಹುಳು ಭರಣಿಗೆ ಬರುವ ಮೊದಲೇ ಪರಾವಲಂಬಿ ಕಣಜ ಅದರಲ್ಲಿ ಮೊಟ್ಟೆಯಿಟ್ಟಿದ್ದಿರಬಹುದು. ಅದನ್ನೂ ದಾಖಲಿಸಿ. ಜಿರಲೆ, ಮಿಡತೆಗಳ ಮರಿಗಳು ದೊಡ್ಡವುಗಳಂತೆಯೇ ಇದ್ದು, ಪ್ಯೂಪ ಹಂತವಿಲ್ಲದೆ ಬೆಳೆಯುತ್ತವೆ. ಅದು ಅಪೂರ್ಣ ರೂಪಪರಿವರ್ತನೆ.

## ಹಂತ 8: ಹೆಸರು ಮತ್ತು ವರ್ಗೀಕರಣ

ಬದನೆ, ಟೊಮೆಟೊ, ಆಲೂಗಡ್ಡೆಗಳ ಹೂಗಳನ್ನು ಪಕ್ಕಪಕ್ಕ ಇಡಿ. ತರಕಾರಿಯಾಗಿ ಮೂರಕ್ಕೂ ಹೋಲಿಕೆಯಿಲ್ಲ, ಹೂವಿನಲ್ಲಿ ಮಾತ್ರ ನಕ್ಷತ್ರದಂಥ ದಳಗಳು, ನಡುವೆ ಒತ್ತಾಗಿ ನಿಂತ ಹಳದಿ ಪರಾಗಕೋಶಗಳ ಅದೇ ಜೋಡಣೆ. ವೈಜ್ಞಾನಿಕ ಹೆಸರುಗಳು ಕ್ರಮವಾಗಿ ಸೊಲಾನಮ್ ಮೆಲೊಂಜೆನಾ, ಸೊಲಾನಮ್ ಲೈಕೊಪರ್ಸಿಕಮ್, ಸೊಲಾನಮ್ ಟ್ಯೂಬರೋಸಮ್. ಮೊದಲ ಪದ ಜಾತಿ, ಎರಡೂ ಸೇರಿದರೆ ಪ್ರಭೇದ. ಎರಡನೆಯ ಪದವನ್ನಷ್ಟೇ ಬರೆದರೆ ಅದು ಹೆಸರಾಗುವುದಿಲ್ಲ, ಏಕೆಂದರೆ ಇಂಡಿಕಾ ಎಂಬಂಥ ಪದ ಮಾವಿಗೂ ಇದೆ, ಹುಣಸೆಗೂ ಇದೆ. ಲ್ಯಾಟಿನ್ ಲಿಪಿಯಲ್ಲಿ ಬರೆಯುವಾಗ ಮೊದಲ ಪದದ ಮೊದಲ ಅಕ್ಷರ ಮಾತ್ರ ದೊಡ್ಡದು, ಕೈಬರಹದಲ್ಲಿ ಎರಡೂ ಪದಗಳಿಗೆ ಬೇರೆ ಬೇರೆ ಅಡಿಗೆರೆ.